ಮಾತೃಪೂರ್ಣದ ತಟ್ಟೆ: ಹೊಟ್ಟೆಯೊಳಗಿನ ಕೂಸಿನ ಮಿದುಳಿಗೆ ಎಷ್ಟು ಸಾಕು, ಎಲ್ಲಿ ಕಮ್ಮಿ

ಅನ್ನ, ತರಕಾರಿ ಸಾಂಬಾರು ಇಲ್ಲವೇ ಸೊಪ್ಪು ಹಾಕಿದ ಬೇಳೆ, ಒಂದು ಕುದಿಸಿದ ತತ್ತಿ, 200 ಮಿಲಿ ಹಾಲು, ಒಂದು ಶೇಂಗಾ ಚಿಕ್ಕಿ. ಅಂಗನವಾಡಿಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನ ಬಡಿಸಬೇಕಾದ ಮಾತೃಪೂರ್ಣದ ಊಟ ಇದು. ತಿಂಗಳಿಗೆ 25 ದಿನ, ಪೈಸೆ ಖರ್ಚಿಲ್ಲ. 2017ರ ಅಕ್ಟೋಬರ್ 2ರಂದು ರಾಜ್ಯದ ಎಲ್ಲ ಕಡೆ ಶುರುವಾದ ಯೋಜನೆ. ದಿನಕ್ಕೆ ಬೇಕಾದ ಶಕ್ತಿ, ಪ್ರೊಟೀನ್, ಕ್ಯಾಲ್ಸಿಯಂಗಳಲ್ಲಿ ಶೇ 40ರಿಂದ 45ರಷ್ಟನ್ನು ಈ ಒಂದು ಊಟವೇ ತುಂಬಬೇಕು ಎಂಬುದು ಅದರ ಲೆಕ್ಕ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಬಸುರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂದೇ ಪ್ರಶ್ನೆ ಹಿಡಿದು ಈ ತಟ್ಟೆಯನ್ನು ಇಲ್ಲಿ ತೂಗಿದ್ದೇವೆ. ಕೂಸಿನ ಮಿದುಳು ಕಟ್ಟಲು ಬೇಕಾದದ್ದು ಇದರಲ್ಲಿ ಎಷ್ಟಿದೆ? ತಟ್ಟೆಗೆ ಐದಕ್ಕೆ ನಾಲ್ಕು ಅಂಕ. ಅದು ತಾಯಿಯನ್ನು ಮುಟ್ಟುವ ಹೊತ್ತು ಮತ್ತು ರೀತಿಗೆ ಎರಡೂವರೆ. ಊಟ ಒಳ್ಳೆಯದೇ. ಆದರೆ ಮಿದುಳಿಗೆ ಬಹಳ ಬೇಕಾದ ಎರಡು ಹೊತ್ತಿನಲ್ಲಿ, ಅಂದರೆ ಮೊದಲ ತಿಂಗಳಲ್ಲಿ ಮತ್ತು ಕೊನೆಯ ಮೂರು ತಿಂಗಳಲ್ಲಿ, ಅದು ಕೈಗೆ ಸಿಗದೇ ಹೋಗುವ ಸಂಭವ ಹೆಚ್ಚು.

ತಟ್ಟೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ತತ್ತಿ, ಅದರಲ್ಲೂ ಒಳಗಿನ ಹಳದಿ. ಕೋಲಿನ್ ಎಂಬ ಪೋಷಕಾಂಶ ಮಿದುಳಿನ ಜೀವಕೋಶಗಳ ಗೋಡೆ ಕಟ್ಟಲು ಬೇಕು, ನೆನಪಿನ ಕೆಲಸಕ್ಕೂ ಬೇಕು. ಬಸುರಿಗೆ ಇದು ದಿನಕ್ಕೆ ಸುಮಾರು 450 ಮಿಲಿಗ್ರಾಂ ಬೇಕು. ಒಂದು ತತ್ತಿಯಲ್ಲಿ ಸುಮಾರು 145 ಮಿಲಿಗ್ರಾಂ ಇರುತ್ತದೆ, ಹೆಚ್ಚೂಕಮ್ಮಿ ಪೂರ್ತಿ ಹಳದಿಯಲ್ಲೇ. ಬಿ12 ಜೀವಸತ್ವ, ಅಯೋಡಿನ್, ಮಿದುಳು ಕಟ್ಟಲು ಬೇಕಾದ ಡಿಎಚ್‌ಎ ಎಂಬ ಕೊಬ್ಬು ಕೂಡ ಹಳದಿಯಲ್ಲೇ ಹೆಚ್ಚು. ವಾಸನೆ ತಡೆಯದೆ ಹಳದಿ ತೆಗೆದು ಬರೀ ಬಿಳಿ ತಿಂದರೆ ಪ್ರೊಟೀನ್ ಸಿಗುತ್ತದೆ ನಿಜ, ಮಿದುಳಿನ ಪಾಲು ಮಾತ್ರ ತಟ್ಟೆಯಲ್ಲೇ ಉಳಿಯಿತು. ಪಕ್ಕದಲ್ಲಿ ಕೂತ ದೊಡ್ಡ ಮಗುವಿನ ಬಾಯಿಗೆ ಹಳದಿ ಹೋಗುವುದೂ ಉಂಟು. ವಾಕರಿಕೆ ಬರುವವರು ಹಳದಿಯನ್ನು ಬಿಸಿ ಬೇಳೆಯಲ್ಲಿ ಚೆನ್ನಾಗಿ ಹಿಸುಕಿ ಕಲಸಿ, ಮೇಲೆ ಲಿಂಬೆ ಹಿಂಡಿಕೊಂಡು ಅನ್ನದ ಜೊತೆ ಉಣ್ಣಬಹುದು. ವಾಸನೆ ಬಹುಪಾಲು ಅಡಗುತ್ತದೆ.

ತತ್ತಿ ಗಟ್ಟಿಯಾಗಿ ಬೆಂದಿರಬೇಕು. ಅರೆಬೆಂದದ್ದರಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಉಳಿಯಬಹುದು. ಬಿಸಿಲುಗಾಲದಲ್ಲಿ ನಮ್ಮ ಕಡೆ ತತ್ತಿ ಬೇಗ ಕೆಡುತ್ತದೆ. ಬೇಯಿಸುವ ಮುಂಚೆ ನೀರಿನ ಪಾತ್ರೆಯಲ್ಲಿ ಬಿಟ್ಟು ನೋಡಬೇಕು: ತಳದಲ್ಲಿ ಅಡ್ಡ ಮಲಗಿದರೆ ತಾಜಾ, ಮೇಲೆ ತೇಲಿದರೆ ಹಳೆಯದು, ಬಿಟ್ಟುಬಿಡಿ. ಹಳದಿಯ ಸುತ್ತ ಹಸಿರು ಉಂಗುರ ಕಂಡರೆ ಹೆಚ್ಚು ಹೊತ್ತು ಕುದಿಸಿದ್ದಾರೆ ಎಂದರ್ಥ, ಕೆಟ್ಟಿದೆ ಎಂದಲ್ಲ. ಅಂಗನವಾಡಿಯಲ್ಲಿ ಸಿಗುವುದು ಒಂದೇ ತತ್ತಿ. ಮನೆಯಲ್ಲಿ ಸಂಜೆ ಇನ್ನೊಂದು ಸೇರಿದರೆ, ಹಾಲು, ಬೇಳೆ, ಶೇಂಗಾಗಳಿಂದ ಬರುವುದೂ ಕೂಡಿ ದಿನದ ಕೋಲಿನ್ ಲೆಕ್ಕ ಗುರಿಯ ಹತ್ತಿರ ಬರುತ್ತದೆ.

ತತ್ತಿ ತಿನ್ನದ ಮನೆಗಳು ಈ ಜಿಲ್ಲೆಗಳಲ್ಲಿ ಕಡಿಮೆ ಇಲ್ಲ. ಅಂಥವರಿಗೆ ಮೊಳಕೆ ಕಾಳು ಕೊಡುವ ಏರ್ಪಾಡಿದೆ. ಪ್ರೊಟೀನ್, ಫೋಲೇಟ್ (ಗುಳಿಗೆಯಲ್ಲಿ ಫೋಲಿಕ್ ಆಮ್ಲವಾಗಿ ಸಿಗುವ ಜೀವಸತ್ವ) ದೃಷ್ಟಿಯಿಂದ ಒಳ್ಳೆಯ ಬದಲಿಯೇ. ಕೋಲಿನ್‌ನಲ್ಲಿ ಸಮನಲ್ಲ, ಬಿ12 ಅಂತೂ ಕಾಳಿನಲ್ಲಿ ಇಲ್ಲವೇ ಇಲ್ಲ. ಸಸ್ಯಮೂಲದ ಯಾವ ಊಟದಲ್ಲೂ ಬಿ12 ಇರುವುದಿಲ್ಲ. ಅದು ಕಮ್ಮಿಯಾದರೆ ಕೂಸಿನ ನರಗಳ ಹೊದಿಕೆ ಸರಿಯಾಗಿ ಕಟ್ಟುವುದಿಲ್ಲ, ತಾಯಿಗೆ ಕೈಕಾಲು ಜುಮ್ ಹಿಡಿಯುತ್ತದೆ, ಕಬ್ಬಿಣದ ಗುಳಿಗೆ ನುಂಗಿದರೂ ರಕ್ತ ಏರುವುದಿಲ್ಲ. ತತ್ತಿ, ಮೀನು, ಮಾಂಸ ಮುಟ್ಟದವರು ಅಂಗನವಾಡಿಯ ಹಾಲಿನ ಜೊತೆ ಮನೆಯಲ್ಲಿ ಇನ್ನೊಂದು ಲೋಟ ಹಾಲು ಮತ್ತು ಒಂದು ಬಟ್ಟಲು ಗಟ್ಟಿ ಮೊಸರು ಸೇರಿಸಲೇಬೇಕು. ನೀರು ಮಜ್ಜಿಗೆ ಲೆಕ್ಕಕ್ಕಿಲ್ಲ. ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ‘ನಾವು ತತ್ತಿ ತಿನ್ನೂದಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಬಿ12 ಗುಳಿಗೆ ಬೇಕೋ ಬೇಡವೋ ಅವರು ನೋಡಿ ಹೇಳುತ್ತಾರೆ.

ಇನ್ನು ಗುಳಿಗೆಯ ವಿಷಯ. ಊಟದ ಜೊತೆಗೇ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಬಸುರಿಯ ಹೊಟ್ಟೆ ಸೇರುವಂತೆ ನೋಡಿಕೊಳ್ಳುವುದೂ ಈ ಸೇವೆಯ ಭಾಗ. ಉದ್ದೇಶ ಬಹಳ ಒಳ್ಳೆಯದು. ಕಬ್ಬಿಣ ಬರೀ ರಕ್ತಕ್ಕಲ್ಲ, ಕೂಸಿನ ಮಿದುಳಿನ ನರಗಳಿಗೆ ಹೊದಿಕೆ ಕಟ್ಟಲು, ಗಮನ ಮತ್ತು ನೆನಪಿನ ರಾಸಾಯನಿಕಗಳನ್ನು ತಯಾರಿಸಲು ಅದು ಬೇಕು. ನಾಲ್ಕನೆಯ ತಿಂಗಳಿಂದ ದಿನಕ್ಕೆ ಒಂದು ಕೆಂಪು ಗುಳಿಗೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹೆರಿಗೆಗೆ ಮುಂಚೆ ಕಮ್ಮಿ ಅಂದರೂ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಡಾಕ್ಟರು ದಿನಕ್ಕೆ ಎರಡು ಬರೆಯುತ್ತಾರೆ. 7ಕ್ಕಿಂತ ಕೆಳಗಿಳಿದರೆ ಗುಳಿಗೆ ನೆಚ್ಚಿ ಮನೆಯಲ್ಲಿ ಕೂಡುವಂತಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಬೇಕು.

ತೊಂದರೆ ಹುಟ್ಟುವುದು ಹೊತ್ತಿನಲ್ಲಿ. ಊಟ ಮುಗಿಸಿ, ಅದೇ ಹಾಲಿನ ಲೋಟದಲ್ಲಿ ಕಬ್ಬಿಣದ ಗುಳಿಗೆ ನುಂಗಿದರೆ ಹಾಲಿನ ಕ್ಯಾಲ್ಸಿಯಂ ಕಬ್ಬಿಣವನ್ನು ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಕ್ಯಾಲ್ಸಿಯಂ ಗುಳಿಗೆಯನ್ನೂ ಅದರ ಜೊತೆಗೇ ನುಂಗಿದರೆ ಇನ್ನೂ ಹೆಚ್ಚು. ಊಟವಾದ ಕೂಡಲೇ ಚಹಾ ಕುಡಿದರೆ ಚಹಾದ ಒಗರೂ ಅದೇ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ತಪ್ಪದೆ ನುಂಗಿದರೂ ರಕ್ತ ಏರದಿರಲು ಇದೊಂದು ದೊಡ್ಡ ಕಾರಣ. ಹಾಗಾಗಿ ಅಂಗನವಾಡಿಯ ಊಟದ ಮೇಲೆ ಕ್ಯಾಲ್ಸಿಯಂ ಗುಳಿಗೆ ನುಂಗಿ, ಕಬ್ಬಿಣದ್ದು ಮನೆಗೆ ಒಯ್ಯುವುದೇ ಸರಿ. ಕ್ಯಾಲ್ಸಿಯಂ ದಿನಕ್ಕೆ ಎರಡು, ತಲಾ 500 ಮಿಲಿಗ್ರಾಂ. ಒಂದು ಬೆಳಿಗ್ಗೆ ರೊಟ್ಟಿ ತಿಂದ ಮೇಲೆ, ಒಂದು ಮಧ್ಯಾಹ್ನ. ಕಬ್ಬಿಣದ್ದು ರಾತ್ರಿ, ಊಟವಾಗಿ ಒಂದೆರಡು ತಾಸು ಬಿಟ್ಟು ಮಲಗುವ ಮುಂಚೆ, ಅರ್ಧ ಲಿಂಬೆ ಹಿಂಡಿದ ನೀರಿನೊಂದಿಗೆ. ಲಿಂಬೆಯ ಸಿ ಜೀವಸತ್ವ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ನೆರವಾಗುತ್ತದೆ. ಎರಡು ಗುಳಿಗೆಗಳ ನಡುವೆ ಕನಿಷ್ಠ ಎರಡು ತಾಸಿನ ಅಂತರ ಇರಲಿ. ಚಹಾ ಬಿಡಲಾಗದಿದ್ದರೆ ಊಟಕ್ಕೂ ಗುಳಿಗೆಗೂ ಒಂದು ತಾಸು ದೂರವಿಡಿ, ದಿನಕ್ಕೆ ಎರಡು ಸಣ್ಣ ಕಪ್ಪಿಗೆ ನಿಲ್ಲಿಸಿ.

ಗುಳಿಗೆಯಿಂದ ಮಲ ಕಪ್ಪಾಗುತ್ತದೆ, ಅದು ಹೆದರುವ ವಿಷಯವಲ್ಲ. ವಾಕರಿಕೆ ಬಂದರೆ ಸ್ವಲ್ಪ ಊಟದ ಜೊತೆ ನುಂಗಿ, ಆದರೆ ನಿಲ್ಲಿಸಬೇಡಿ. ‘ಗುಳಗಿ ತಗೊಂಡ್ರ ಕೂಸು ಕರ್ರಗ ಹುಟ್ತದ’ ಎಂಬ ಮಾತಿಗೆ ಬುಡವಿಲ್ಲ. ನಾಲ್ಕರಿಂದ ಆರನೆಯ ತಿಂಗಳೊಳಗೆ ಹೊಟ್ಟೆಹುಳದ ಆಲ್ಬೆಂಡಜೋಲ್ 400 ಮಿಲಿಗ್ರಾಂ ಗುಳಿಗೆ ಒಂದು ಸಲ ಕೊಡುತ್ತಾರೆ, ಅದನ್ನೂ ತಪ್ಪಿಸಬಾರದು. ಹುಳ ಇರುವ ಹೊಟ್ಟೆಗೆ ಎಷ್ಟು ಕಬ್ಬಿಣ ಹಾಕಿದರೂ ಸೋರಿಹೋಗುತ್ತದೆ. ಬಸುರಿಗೆ ಬಳಪ, ಮಣ್ಣು ತಿನ್ನಬೇಕೆನಿಸಿದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಅದು ಬಹಳ ಸಲ ಕಬ್ಬಿಣ ಕಮ್ಮಿಯಾದ ಗುರುತು. ಮಣ್ಣಿನ ಜೊತೆ ಸೀಸ ಹೊಟ್ಟೆ ಸೇರಿದರೆ ಕೂಸಿನ ಮಿದುಳಿಗೆ ನೇರ ಪೆಟ್ಟು.

ಫೋಲಿಕ್ ಆಮ್ಲದ ವಿಷಯದಲ್ಲಿ ಮಾತೃಪೂರ್ಣ ಎಷ್ಟು ಚೆನ್ನಾಗಿ ನಡೆದರೂ ತಡವೇ. ಕೂಸಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನಳಿಕೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತಿದೆ ಎಂದು ಗೊತ್ತಾಗಿ, ಮನೆಯಲ್ಲಿ ಹೇಳಿ, ತಾಯಿ ಕಾರ್ಡ್ ಮಾಡಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸುವ ಹೊತ್ತಿಗೆ ಆ ಬಾಗಿಲು ಹಾಕಿಯಾಗಿರುತ್ತದೆ. ಸರಿಯಾಗಿ ಮುಚ್ಚದೆ ಉಳಿದರೆ ಬೆನ್ನುಹುರಿ ಹೊರಗೆ ಉಬ್ಬಿದ ಕೂಸು, ಇಲ್ಲವೇ ತಲೆಬುರುಡೆ ಕಟ್ಟದ ಕೂಸು ಹುಟ್ಟುತ್ತದೆ. ಮಗು ಬೇಕೆಂದುಕೊಂಡ ಗಂಡ ಹೆಂಡತಿ ಒಂದು ತಿಂಗಳು ಮುಂಚೆಯೇ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಕೇಳಿ ಪಡೆದು, ಹೆಂಡತಿ ಅದನ್ನು ದಿನಾ ನುಂಗಲು ಶುರುಮಾಡಿ, ಮೂರು ತಿಂಗಳು ತುಂಬುವ ತನಕ ಬಿಡಬಾರದು. ಹಿಂದಿನ ಹೆರಿಗೆಯಲ್ಲಿ ಇಂಥ ಕೂಸು ಹುಟ್ಟಿದ್ದರೆ, ಮೂರ್ಛೆರೋಗಕ್ಕೆ ಔಷಧ ನಡೆಯುತ್ತಿದ್ದರೆ, ಪ್ರಮಾಣ ಬೇರೆ. ಅದನ್ನು ಡಾಕ್ಟರೇ ಬರೆಯಬೇಕು, ಮೂರ್ಛೆಯ ಔಷಧವನ್ನು ತಾವಾಗಿ ನಿಲ್ಲಿಸಲೂಬಾರದು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ಆಶಾ ಕಾರ್ಯಕರ್ತೆಯರು ಹೇಗೂ ಬರೆದುಕೊಳ್ಳುತ್ತಾರೆ. ಆ ಭೇಟಿಯಲ್ಲೇ ಈ ಗುಳಿಗೆ ಕೈಗೆ ಬಂದರೆ ಯೋಜನೆಗೆ ನಾವು ಕಳೆದ ಅಂಕದಲ್ಲಿ ಅರ್ಧ ಮರಳಿ ಬರುತ್ತದೆ.

ತಟ್ಟೆಯ ಬೇಳೆ, ಸೊಪ್ಪು ನಂತರದ ತಿಂಗಳುಗಳ ಫೋಲೇಟಿಗೆ ಒಳ್ಳೆಯ ಮೂಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ನೆಲದ್ದೇ ವಿಶೇಷ ಬೆಳೆ ಎಂಬ ಗುರುತು, ಸಿಕ್ಕಿದೆ, ಬೇಳೆಯ ವಿಷಯದಲ್ಲಿ ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಆದರೆ ಸಾಂಬಾರು ತೆಳ್ಳಗಾದರೆ ಎಲ್ಲ ಲೆಕ್ಕ ತಪ್ಪಿತು. 30 ಗ್ರಾಂ ಒಣ ಬೇಳೆಯಲ್ಲಿ ಆರೂವರೆ ಗ್ರಾಂ ಪ್ರೊಟೀನ್ ಇರುತ್ತದೆ, ಮೇಲಿನ ತಿಳಿಯಲ್ಲಿ ಹೆಚ್ಚೇನೂ ಇರುವುದಿಲ್ಲ. ಬಡಿಸುವಾಗ ಸೌಟು ತಳ ಮುಟ್ಟಿ ಬರಬೇಕು. ಸಂಕೋಚ ಬಿಟ್ಟು ‘ಅಕ್ಕಾ, ತಳದ ಬ್ಯಾಳಿ ಹಾಕ್ರಿ’ ಎಂದು ಕೇಳಿ. ಬಸುರಿಯ ಹಕ್ಕದು. ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ 22 ಗ್ರಾಂ ಪ್ರೊಟೀನ್ ಹೆಚ್ಚಿಗೆ ಬೇಕು. ಒಂದು ತತ್ತಿ, ಒಂದು ಲೋಟ ಹಾಲು, ಗಟ್ಟಿ ಬೇಳೆ, ಚಿಕ್ಕಿ ಪೂರ್ತಿ ಹೊಟ್ಟೆ ಸೇರಿದರೆ ಈ ಹೆಚ್ಚಿನ ಪಾಲು ಬಹುಮಟ್ಟಿಗೆ ಇಲ್ಲೇ ತುಂಬುತ್ತದೆ. ಇದು ಸಣ್ಣ ಮಾತಲ್ಲ.

ಸೊಪ್ಪನ್ನು ಕುದಿಸಿ ನೀರು ಬಸಿದು ಚೆಲ್ಲಿದರೆ ಫೋಲೇಟ್ ಆ ನೀರಿನಲ್ಲೇ ಹೋಗುತ್ತದೆ. ಪಾಲಕ, ಮೆಂತೆ, ರಾಜಗಿರಿ ಯಾವುದಾದರೂ ಮೊದಲು ತೊಳೆದು ಆಮೇಲೆ ಹೆಚ್ಚಿ, ಬೇಳೆ ಬೆಂದ ಮೇಲೆ ಹಾಕಿ ಐದು ನಿಮಿಷದಲ್ಲಿ ಇಳಿಸಬೇಕು. ಅಂಗನವಾಡಿಯಲ್ಲಿ ಅನ್ನ, ನಮ್ಮ ಕಡೆಯವರಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಆದಂತೆ ಅನಿಸುವುದಿಲ್ಲ. ಒಂದು ರೊಟ್ಟಿ, ಒಂದು ಲಿಂಬೆಹಣ್ಣಿನ ಹೋಳು ಮನೆಯಿಂದ ಒಯ್ದರೆ ಊಟವೂ ರುಚಿಸುತ್ತದೆ, ಬೇಳೆ ಸೊಪ್ಪಿನ ಕಬ್ಬಿಣವೂ ಚೆನ್ನಾಗಿ ಹತ್ತುತ್ತದೆ. ‘ರಾತ್ರಿ ಪಲ್ಯ ತಿಂದ್ರ ಕೂಸಿಗಿ ವಾಯು ಆಗ್ತದ’, ‘ಹೆಚ್ಚು ಉಂಡ್ರ ಕೂಸು ದಪ್ಪಾಗಿ ಹೆರಿಗಿ ಕಷ್ಟ ಆಗ್ತದ’ ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಕಡಿಮೆ ಉಂಡರೆ ಕೂಸು ತೂಕ ಕಮ್ಮಿ ಹುಟ್ಟುತ್ತದೆ, ಹಾಗೆ ಹುಟ್ಟಿದ ಕೂಸಿನ ಕಲಿಕೆಯ ಮೇಲೂ ಅದರ ನೆರಳು ಬೀಳಬಹುದು. ಅತ್ತೆಯವರನ್ನೂ ತಪಾಸಣೆಗೆ ಕರೆದೊಯ್ದು ಸಿಸ್ಟರ್ ಬಾಯಿಂದಲೇ ಹೇಳಿಸುವುದು ಮನೆಯಲ್ಲಿ ವಾದ ಮಾಡುವುದಕ್ಕಿಂತ ಮೇಲು.

ಚಿಕ್ಕಿಯಲ್ಲಿ ಶೇಂಗಾ ಕಹಿಯಾಗಿದ್ದರೆ, ಕಪ್ಪಾಗಿ ಮುರುಟಿದ್ದರೆ ಉಗುಳಿಬಿಡಿ. ಬೂಸ್ಟು ಹಿಡಿದ ಶೇಂಗಾದ ವಿಷ ಯಕೃತ್ತಿಗೆ ಕೆಟ್ಟದ್ದು. ಬಸುರಿನ ಸಕ್ಕರೆ ಕಾಯಿಲೆ ಇದೆ ಎಂದು ಪರೀಕ್ಷೆಯಲ್ಲಿ ಬಂದವರು ಚಿಕ್ಕಿಯ ಬದಲು ಒಂದು ಹಿಡಿ ಹುರಿದ ಶೇಂಗಾ ತಿನ್ನಲಿ, ಅನ್ನ ಅರ್ಧ ಮಾಡಿ ಬೇಳೆ ಪಲ್ಯ ಹೆಚ್ಚು ಹಾಕಿಸಿಕೊಳ್ಳಲಿ. ಸಕ್ಕರೆ ಹತೋಟಿ ತಪ್ಪಿದರೆ ಅದೂ ಕೂಸಿನ ಮಿದುಳಿಗೆ ಒಳ್ಳೆಯದಲ್ಲ.

ತಟ್ಟೆಯ ಮೇಲೆ ಕಾಣದ ಒಂದು ಸಾಮಾನು ಉಪ್ಪು. ಅಯೋಡಿನ್ ಇಲ್ಲದೆ ಥೈರಾಯ್ಡ್ ರಸ ತಯಾರಾಗುವುದಿಲ್ಲ, ಥೈರಾಯ್ಡ್ ರಸವಿಲ್ಲದೆ ಮಿದುಳು ಬೆಳೆಯುವುದಿಲ್ಲ. ಮೊದಲ ಮೂರು ತಿಂಗಳು ಕೂಸು ಪೂರ್ತಿ ತಾಯಿಯ ರಸದ ಮೇಲೇ ಬದುಕುತ್ತದೆ. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂಗಡಿಯಲ್ಲಿ ಮಾರುವ ಅಯೋಡಿನ್ ಉಪ್ಪಿನಲ್ಲಿ ಕಾನೂನು ಪ್ರಕಾರ ಕನಿಷ್ಠ 15 ಪಿಪಿಎಂ ಇರಬೇಕು, ಅಂದರೆ ಒಂದು ಗ್ರಾಂ ಉಪ್ಪಿಗೆ 15 ಮೈಕ್ರೋಗ್ರಾಂ. ದಿನಕ್ಕೆ 5 ಗ್ರಾಂ ಉಪ್ಪು ತಿಂದರೆ 75 ಮಾತ್ರ. ಉಪ್ಪಿನಲ್ಲಿ 30 ಪಿಪಿಎಂ ಇದ್ದರೆ 150. ಉಳಿದದ್ದು ಹಾಲು, ಮೊಸರು, ತತ್ತಿ, ಮೀನುಗಳಿಂದ ಬರಬೇಕು. ಹಾಗೆಂದು ಉಪ್ಪು ಹೆಚ್ಚು ತಿನ್ನುವುದು ದಾರಿಯಲ್ಲ, ರಕ್ತದೊತ್ತಡ ಏರಬಹುದು. ಇರುವ ಅಯೋಡಿನ್ ಕಳೆದುಕೊಳ್ಳದಿರುವುದೇ ದಾರಿ. ಒಲೆಯ ಪಕ್ಕ ಬಾಯಿ ತೆರೆದ ಉಪ್ಪಿನ ಭರಣಿ ಇಟ್ಟರೆ ಶಾಖಕ್ಕೆ, ಹಸಿಗೆ ಅಯೋಡಿನ್ ಹಾರಿಹೋಗುತ್ತದೆ. ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಅಡುಗೆ ಇಳಿಸುವ ಮುಂಚೆ ಹಾಕಿ. ಉಪ್ಪಿನಕಾಯಿಗೆ ತಂದ ಹರಳುಪ್ಪನ್ನು ದಿನದ ಅಡುಗೆಗೆ ಬಳಸಬೇಡಿ. ಸೈಂಧವ ಉಪ್ಪು ಒಳ್ಳೆಯದೆಂದು ಯಾರೋ ಹೇಳಿದರೆಂದು ಬಸುರಿನಲ್ಲಿ ಬದಲಾಯಿಸಬೇಡಿ, ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದ್ದೆಂದು ಬರೆದಿರದಿದ್ದರೆ ಅದನ್ನು ನೆಚ್ಚುವಂತಿಲ್ಲ. ಮೊದಲ ರಕ್ತ ಪರೀಕ್ಷೆಯಲ್ಲೇ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆಯನ್ನೂ ಮಾಡಿಸಲು ಕೇಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ, ಅಂದು ಡಾಕ್ಟರನ್ನೇ ಕಂಡು ಕೇಳಬಹುದು.

ಡಿಎಚ್‌ಎ ಕೊಬ್ಬು ಈ ತಟ್ಟೆಯ ದೊಡ್ಡ ಕೊರತೆ. ದಿನಕ್ಕೆ 200 ಮಿಲಿಗ್ರಾಂ ಬೇಕಾದಲ್ಲಿ ತತ್ತಿಯಿಂದ ಬರುವುದು ಬಹಳ ಸ್ವಲ್ಪ. ಅಗಸೆ ಹಿಂಡಿ ನಮ್ಮ ಕಡೆಯ ಒಳ್ಳೆಯ ಪದಾರ್ಥ, ಊಟಕ್ಕೆ ಒಂದು ಚಮಚ ಹಚ್ಚಿಕೊಳ್ಳಿ. ಆದರೆ ಅಗಸೆಯ ಒಮೆಗಾ-3 ಕೊಬ್ಬು ನಮ್ಮ ಮೈಯಲ್ಲಿ ಡಿಎಚ್‌ಎ ಆಗಿ ಬದಲಾಗುವುದು ತೀರಾ ಕಡಿಮೆ, ಮೀನಿಗೆ ಸಮ ಎಂದುಕೊಳ್ಳಬಾರದು. ಮೀನು ತಿನ್ನುವವರು ವಾರಕ್ಕೆ ಎರಡು ಸಲ, ಕರಿಯದೆ ಸಾರು ಮಾಡಿ, ಚೆನ್ನಾಗಿ ಬೇಯಿಸಿ ತಿನ್ನಲಿ. ಸಣ್ಣ ಮೀನಾದರೆ ಪಾದರಸದ ಭಯವೂ ಕಡಿಮೆ.

ಇಲ್ಲೇ ಮೆಡಿಕಲ್ ಅಂಗಡಿಯ ಡಬ್ಬಿಗಳ ಮಾತು ಬರುತ್ತದೆ. ಬಸುರಿಯರ ಚಿತ್ರ ಹಾಕಿ ‘ಮಗುವಿನ ಮಿದುಳಿಗೆ’ ಎಂದು ಮಾರುವ ಪುಡಿಗಳನ್ನು ಸಾಲ ಮಾಡಿಯಾದರೂ ತರುವವರಿದ್ದಾರೆ. ಡಬ್ಬಿಯ ಮುಂದಿನ ಬರಹ ಬಿಟ್ಟು ಹಿಂದಿನ ಪಟ್ಟಿ ಓದಿ. ನೋಡಬೇಕಾದದ್ದು 100 ಗ್ರಾಂನ ಕಾಲಂ ಅಲ್ಲ, ಒಂದು ಸಲ ಕುಡಿಯುವ ಪ್ರಮಾಣದ ಕಾಲಂ. ಅಲ್ಲಿ ಡಿಎಚ್‌ಎ ಎಷ್ಟು, ಕೋಲಿನ್ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು ನೋಡಿ. ಆ ದುಡ್ಡಿನಲ್ಲಿ ತಿಂಗಳಿಗೆ ಎಷ್ಟು ತತ್ತಿ, ಎಷ್ಟು ಹಾಲು ಬರುತ್ತದೆ ಎಂದು ಅಲ್ಲೇ ಲೆಕ್ಕ ಹಾಕಿ. ತತ್ತಿ, ಹಾಲು, ಬೇಳೆ ತಿನ್ನುತ್ತಿರುವವರಿಗೆ ಆ ಡಬ್ಬಿ ಬೇಕಿಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ತತ್ತಿ ಮೀನು ಎರಡೂ ಮುಟ್ಟದವರು ಪಾಚಿಯಿಂದ ತೆಗೆದ ಡಿಎಚ್‌ಎ ಕ್ಯಾಪ್ಸೂಲ್ ಬಗ್ಗೆ ಡಾಕ್ಟರನ್ನು ಕೇಳಬಹುದು, ದುಡ್ಡು ಅಲ್ಲಿ ಹೋದರೆ ಅರ್ಥವಿದೆ.

ಈಗ ಎರಡೂವರೆ ಅಂಕದ ಕಾರಣ. ಊಟವನ್ನು ಮನೆಗೆ ಕೊಟ್ಟರೆ ಹತ್ತು ಬಾಯಿಗೆ ಹಂಚಿಹೋಗುತ್ತದೆ ಎಂದೇ ಅಲ್ಲೇ ಕೂತು ಉಣ್ಣುವ ನಿಯಮ ಮಾಡಿದ್ದು. ಅದು ಸರಿ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ತುಂಬು ಬಸುರಿ ನಡೆದು ಬರಬೇಕು, ತೊಗರಿ ರಾಶಿ, ಹತ್ತಿ ಬಿಡಿಸುವ ದಿನಗಳಲ್ಲಿ ಹೊಲ ಬಿಟ್ಟು ಬರಬೇಕು. ಗುಳೆ ಹೋದ ತಾಂಡಾದ ಹೆಣ್ಣುಮಕ್ಕಳ ಊಟ ಹೋದಲ್ಲಿ ಹೆಸರು ಬರೆಸುವ ತನಕ ನಿಂತೇ ಹೋಗುತ್ತದೆ. ಎಲ್ಲಕ್ಕಿಂತ ದೊಡ್ಡ ಸೋರಿಕೆ ಕುಬಸದ (ಸೀಮಂತದ) ನಂತರದ್ದು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುತ್ತಾರೆ. ಗಂಡನ ಊರಿನ ಅಂಗನವಾಡಿಯಲ್ಲಿ ಹೆಸರು, ಉಣ್ಣುವ ಬಾಯಿ ತವರಿನಲ್ಲಿ. ಕೂಸಿನ ಮಿದುಳು ಭರದಿಂದ ತೂಕ ಹಿಡಿಯುವುದು, ಡಿಎಚ್‌ಎ ತುಂಬಿಕೊಳ್ಳುವುದು, ಹುಟ್ಟಿದ ಮೇಲಿನ ತಿಂಗಳುಗಳಿಗೆಂದು ಕಬ್ಬಿಣ ಕೂಡಿಟ್ಟುಕೊಳ್ಳುವುದು ಸರಿಯಾಗಿ ಈ ಕೊನೆಯ ಮೂರು ತಿಂಗಳಲ್ಲೇ.

ಇದಕ್ಕೆ ಉಪಾಯ ಇದೆ. ಕುಬಸದ ದಿನ ಗೊತ್ತಾದ ಕೂಡಲೇ ಗಂಡನ ಊರಿನ ಅಂಗನವಾಡಿ ಟೀಚರಿಗೆ ಹೇಳಿ ಹೆಸರು ವರ್ಗ ಮಾಡಲು ಕೇಳಬೇಕು. ಉಡಿ ತುಂಬಿ ಕಳಿಸುವ ಸೀರೆ ಕಣದ ಜೊತೆಗೇ ತಾಯಿ ಕಾರ್ಡ್, ಆಧಾರ್ ಕಾರ್ಡ್, ಉಳಿದ ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿ ಕೊಡಬೇಕು. ತವರು ಮುಟ್ಟಿದ ವಾರದೊಳಗೆ ಅಲ್ಲಿನ ಅಂಗನವಾಡಿಗೂ ಆಶಾ ಕಾರ್ಯಕರ್ತೆಗೂ ಕಾರ್ಡ್ ತೋರಿಸಬೇಕು. ಹೆಸರು ಹತ್ತುವ ತನಕ ಮನೆಯವರೇ ದಿನಕ್ಕೆ ಎರಡು ತತ್ತಿ, ಎರಡು ಲೋಟ ಹಾಲು, ಗಟ್ಟಿ ಬೇಳೆ, ಒಂದು ಹಿಡಿ ಶೇಂಗಾ ತಪ್ಪಿಸಬಾರದು. ಅಂಗನವಾಡಿ ಇಲ್ಲದ ಭಾನುವಾರ, ರಜೆಗಳಿಗೂ ಇದೇ ಲೆಕ್ಕ.

ಹೆರಿಗೆಯಾದ ಮೇಲೂ ಆರು ತಿಂಗಳು ಈ ಊಟದ ಹಕ್ಕಿದೆ. ತಾಯಿಯ ಬಿ12, ಅಯೋಡಿನ್, ಕೋಲಿನ್, ಡಿಎಚ್‌ಎ ಎದೆಹಾಲಿನ ಮೂಲಕ ಕೂಸಿಗೆ ಹೋಗುತ್ತಿರುತ್ತದೆ, ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಬಾಣಂತಿಗೆ ಬರೀ ಅನ್ನ, ತುಪ್ಪ, ಖಾರದ ಪುಡಿ ಹಾಕಿ ಬೇಳೆ, ಪಲ್ಯ, ತತ್ತಿ ನಿಲ್ಲಿಸುವ ಮನೆಗಳಲ್ಲಿ ಈ ತಟ್ಟೆ ಇನ್ನೂ ಹೆಚ್ಚು ಬೇಕು. ಬಾಣಂತಿ ಹೊಸ್ತಿಲು ದಾಟದ ದಿನಗಳಲ್ಲಿ ಮನೆಯ ಒಬ್ಬರು ಅಂಗನವಾಡಿಗೆ ಹೋಗಿ, ಹೆರಿಗೆಯಾದ ದಿನ ಬರೆಸಿ, ಅವಳ ಪಾಲಿಗೆ ಏನು ಏರ್ಪಾಡಿದೆ ಎಂದು ವಿಚಾರಿಸಿ ಬರಲಿ. ತಂದ ತತ್ತಿಯ ಹಳದಿ ಅವಳ ಬಾಯಿಗೇ ಹೋಗಲಿ.